ವಿಯೆಂಟಿಯಾನ್‌ಗೆ ಅರ್ಧ ದಿನ ಸಾಲದು

ಲಾವೋಸ್‌ಗೆ ಹೋಗುವವರು ಸಾಮಾನ್ಯವಾಗಿ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಇಳಿದು, ಅರ್ಧ ದಿನ ಸುತ್ತಾಡಿ, ಮಾರನೇ ಬೆಳಿಗ್ಗೆ ಲುವಾಂಗ್ ಪ್ರಬಾಂಗ್ ರೈಲು ಹತ್ತಿಬಿಡುತ್ತಾರೆ. ನಮ್ಮ ಪ್ಲಾನೂ ಹಾಗೇ ಇತ್ತು. ಮೊದಲ ಸಂಜೆ ಮೆಕಾಂಗ್ ದಂಡೆಯಲ್ಲಿ ಕೂತ ಅಮ್ಮ, "ನಾಳೆನೇ ಹೋಗ್ಬೇಕಾ?" ಅಂದರು. ಟಿಕೆಟ್ ಇನ್ನೂ ತೆಗೆದಿರಲಿಲ್ಲ, ಒಳ್ಳೆಯದೇ ಆಯಿತು. ಮೂರು ದಿನ ಉಳಿದೆವು.

ಅಲ್ಲಿನವರು ಊರನ್ನು ವಿಯೆಂಗ್‌ಚಾನ್ ಅನ್ನುತ್ತಾರೆ. ಶ್ರೀಗಂಧದ ಊರು ಅಂತ ಅರ್ಥ, ಆ 'ಚಾನ್' ನಮ್ಮ ಚಂದನವೇ. ಮೈಸೂರಿನಿಂದ ಹೋದ ಅಮ್ಮನಿಗೆ ಇದು ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಗಡಿಯ ನೋಂಗ್ ಖಾಯ್. ನದಿ ದಾಟಲು 1994ರಲ್ಲಿ ಕಟ್ಟಿದ ಸ್ನೇಹ ಸೇತುವೆ ಇದೆ. ಭಾರತೀಯರಿಗೆ ಅಲ್ಲೇ ವೀಸಾ ಸಿಗುತ್ತದೆ, ಇ-ವೀಸಾ ಕೂಡ ಇದೆ. ಶುಲ್ಕ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಸರ್ಕಾರದ ವೆಬ್‌ಸೈಟ್ ನೋಡಿಕೊಳ್ಳಿ. ಡಾಲರ್ ನೋಟು ಮತ್ತು ಒಂದೆರಡು ಫೋಟೋ ಇಟ್ಟುಕೊಂಡಿರಿ. ಸೇತುವೆ ಇಳಿದ ಕೂಡಲೇ ಬರುವ ಟುಕ್‌ಟುಕ್‌ನವರ ಹತ್ತಿರ ರೇಟ್ ಮೊದಲೇ ಮಾತಾಡಿ. ನಾವು ಮಾತಾಡದೆ ಹತ್ತಿ ಜಾಸ್ತಿ ಕೊಟ್ಟೆವು. ಆಮೇಲೆ ಊರೊಳಗೆಲ್ಲ ಲೋಕಾ ಅನ್ನುವ ಆ್ಯಪ್‌ನಲ್ಲೇ ಕಾರು ಕರೆದೆವು.

ಬೆಳಗಿನ ಹೊತ್ತು ವಾಟ್ ಸಿ ಸಾಕೇತ್‌ಗೆ ಇಡಿ. 1818ರ ಸುಮಾರಿಗೆ ರಾಜ ಅನುವೊಂಗ್ ಕಟ್ಟಿಸಿದ ದೇವಸ್ಥಾನ. ಆ ರಾಜ ಸಿಯಾಮ್ (ಈಗಿನ ಥಾಯ್ಲೆಂಡ್) ವಿರುದ್ಧ ತಿರುಗಿಬಿದ್ದ, ಸೋತ, ಸಿಯಾಮಿನ ಸೈನ್ಯ 1828ರಲ್ಲಿ ಊರನ್ನೇ ಸುಟ್ಟುಹಾಕಿತು. ಈ ಗುಡಿ ಮಾತ್ರ ಉಳಿಯಿತು. ಸಿಯಾಮಿನ ಶೈಲಿಯಲ್ಲೇ ಕಟ್ಟಿದ್ದರಿಂದ ಬಿಟ್ಟರು ಅಂತ ಹೇಳುತ್ತಾರೆ. ಸುತ್ತಲಿನ ಮೊಗಸಾಲೆಯ ಗೋಡೆ ತುಂಬ ಚಿಕ್ಕ ಚಿಕ್ಕ ಗೂಡುಗಳು, ಒಂದೊಂದರಲ್ಲೂ ಬುದ್ಧ, ಎಲ್ಲ ಸೇರಿ ಸಾವಿರಾರು. ಅಮ್ಮ ಪ್ರತಿಯೊಂದರ ಮುಂದೆಯೂ ನಿಂತರು, ನಾನು ಅವಸರ ಮಾಡಲಿಲ್ಲ. ಎದುರಿಗಿರುವ ಹೋ ಫ್ರಾ ಕೇವ್ ಮರಕತ ಬುದ್ಧನಿಗಾಗಿ ಕಟ್ಟಿದ್ದು. ಬುದ್ಧ ಈಗ ಅಲ್ಲಿಲ್ಲ, 1779ರಲ್ಲಿ ಸಿಯಾಮಿನವರು ಒಯ್ದರು, ಬ್ಯಾಂಕಾಕ್‌ನಲ್ಲಿದ್ದಾನೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಚಿನ್ನದ ಬಣ್ಣದ ಥಾಟ್ ಲುವಾಂಗ್ ಸ್ತೂಪ, ಪತುಸಾಯ್ ಕಮಾನು ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು. ವಿಮಾನ ನಿಲ್ದಾಣದ ರನ್‌ವೇಗೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಮಾನು ಕಟ್ಟಿದರು ಎಂಬ ಕತೆ ಎಲ್ಲರ ಬಾಯಲ್ಲೂ ಇದೆ. ಬುದ್ಧ, ಹಿಂದೂ ದೇವರುಗಳ ಕಾಂಕ್ರೀಟ್ ಶಿಲ್ಪಗಳಿರುವ ಬುದ್ಧ ಪಾರ್ಕ್ ಊರಿನಿಂದ ಸುಮಾರು 25 ಕಿ.ಮೀ. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಆದರೆ ಕೋಪ್ ಕೇಂದ್ರ ಬಿಡಬೇಡಿ, ದಯವಿಟ್ಟು. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು, ಸಿಡಿಯದೆ ಉಳಿದವು ಇವತ್ತಿಗೂ ಹೊಲಗಳಲ್ಲಿವೆ. ಅವುಗಳಿಂದ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡಲು ನೆರವಾಗುವ ಸಂಸ್ಥೆ ಇದು. ಹಳೆಯ, ಮರದ, ಮನೆಯಲ್ಲೇ ಮಾಡಿಕೊಂಡ ಕಾಲುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಹೊರಗೆ ಬಂದ ಮೇಲೆ ತುಂಬಾ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರವಾಗಿರಿ. ಪಪಾಯ ಸಲಾಡ್‌ನಲ್ಲೂ ಮೀನಿನ ಸಾಸ್ ಇರುತ್ತದೆ. 'ಕಿನ್ ಜೇ' ಅಂದರೆ ಸಸ್ಯಾಹಾರ, 'ಬೋ ಸಾಯ್ ನಾಮ್ ಪಾ' ಅಂದರೆ ಮೀನಿನ ಸಾಸ್ ಹಾಕಬೇಡಿ. ಇವೆರಡನ್ನು ಕಲಿತುಕೊಂಡರೆ ಊಟ ಸುಲಭ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಕೊಡುವ ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನಬೇಕು. ಅಮ್ಮನಿಗೆ ರಾಗಿಮುದ್ದೆಯಷ್ಟೇ ಸಲೀಸಾಯಿತು!

ಸಂಜೆ ಐದಕ್ಕೆ ಎಲ್ಲಿದ್ದರೂ ಸರಿ, ನದಿಗೆ ಬನ್ನಿ. ಚಳಿಗಾಲದಲ್ಲಿ ನೀರು ಹಿಂದೆ ಸರಿದು ಅಗಲವಾದ ಮರಳು ದಿಣ್ಣೆ ಕಾಣುತ್ತದೆ, ಅದರಾಚೆ ಥಾಯ್ಲೆಂಡ್. ದಂಡೆಯಲ್ಲಿ ಹೆಂಗಸರು ಸಾಲಾಗಿ ನಿಂತು ಹಾಡಿಗೆ ಏರೋಬಿಕ್ಸ್ ಮಾಡುತ್ತಾರೆ, ಯಾರು ಬೇಕಾದರೂ ಸೇರಬಹುದು. ಹಿಂದೆ ಸಂತೆಯ ಕೆಂಪು ಗುಡಾರಗಳು ಒಂದೊಂದಾಗಿ ಏಳುತ್ತವೆ. ಯಾರೂ ಕೈ ಹಿಡಿದು ಎಳೆಯುವುದಿಲ್ಲ, ಹಾರ್ನ್ ಇಲ್ಲ. ಸುಮ್ನೆ ಕೂತರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಇಷ್ಟು ತಣ್ಣಗಿರುವ ರಾಜಧಾನಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಮಾರ್ಚ್‌ನಲ್ಲಿ ಕಾಡು, ಹೊಲ ಸುಡುವ ಹೊಗೆ ಜಾಸ್ತಿ.

ಕೊನೆಗೆ ಎರಡು ಮಾತು. ರೈಲು ನಿಲ್ದಾಣ ಊರಿಂದ ದೂರ, ಬ್ಯಾಗ್ ತಪಾಸಣೆಯೂ ಬಿಗಿ, ಚಾಕು, ಸ್ಪ್ರೇ ಡಬ್ಬಿ ಬಿಡುವುದಿಲ್ಲ. ಒಂದು ಗಂಟೆ ಮುಂಚೆ ತಲುಪಿ. ಮತ್ತೆ, ಕಿಪ್ ನೋಟುಗಳನ್ನು ದೇಶದ ಹೊರಗೆ ಬದಲಾಯಿಸುವುದು ಕಷ್ಟ, ಅಲ್ಲೇ ಖರ್ಚು ಮಾಡಿಬಿಡಿ. ನಮ್ಮ ಹತ್ತಿರ ಉಳಿದದ್ದಕ್ಕೆ ಅಮ್ಮ ಬೊಲವೆನ್ ಪ್ರಸ್ಥಭೂಮಿಯ ಕಾಫಿ ಪುಡಿ ತಂದರು, ಚಿಕೋರಿ ಇಲ್ಲದ್ದು. ಫಿಲ್ಟರ್‌ಗೆ ಎರಡು ಚಮಚ ಜಾಸ್ತಿ ಹಾಕಬೇಕಾಗುತ್ತದೆ.