ಉಬುಂಟು ಇರುವಾಗ ಇನ್ನೊಂದು ಆಪರೇಟಿಂಗ್ ಸಿಸ್ಟಂ ಏಕೆ?

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆಂದೇ ಒಂದು ಮುಕ್ತ ತಂತ್ರಾಂಶದ ಆಪರೇಟಿಂಗ್ ಸಿಸ್ಟಂ ಅನ್ನು ನಾವು ಕೆಲವರು ಹಾಸನದಲ್ಲಿ ಸಿದ್ಧಪಡಿಸುತ್ತಿದ್ದೇವೆ ಎಂದು ತಿಳಿದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಉಬುಂಟು ಉಚಿತವಾಗಿಯೇ ಸಿಗುವಾಗ ಈ ಶ್ರಮವೇಕೆ? ಪ್ರಶ್ನೆ ನ್ಯಾಯವಾದದ್ದೇ ಆಗಿರುವುದರಿಂದ ವಿವರವಾಗಿ ಉತ್ತರಿಸುತ್ತೇನೆ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಅನ್ನು ನಾವು ಬರೆಯುತ್ತಿಲ್ಲ. ಅದು 1991ರಿಂದ ಬೆಳೆದು ಬಂದಿರುವ ಲಿನಕ್ಸ್. ಅದರ ಮೇಲಿನದು 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ. 2004ರಲ್ಲಿ ಬಂದ ಉಬುಂಟು ಕೂಡ ಹುಟ್ಟಿದ್ದು ಅದರಿಂದಲೇ. ಡೆಬಿಯನ್ 13ರಲ್ಲಿರುವ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿಂದ (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟುಗಳಿಂದ) ನಮ್ಮ ವಿದ್ಯಾರ್ಥಿಗಳಿಗೆ ಬೇಕಾದವನ್ನು ಆರಿಸಿ, ಹೊಂದಿಸಿ, ‘ಲೈವ್-ಬಿಲ್ಡ್’ ಎಂಬ ಸಾಧನದ ಮೂಲಕ ಪೆನ್‌ಡ್ರೈವಿಗೆ ಹಾಕಬಹುದಾದ ಒಂದೇ ಐಎಸ್ಒ ಕಡತವಾಗಿ ಕಟ್ಟುವುದಷ್ಟೇ ನಮ್ಮ ಕೆಲಸ. ಕರ್ನೆಲ್ ಒಳಗೆ ಏನು ನಡೆಯುತ್ತದೆ ಎಂದು ಓದಿ ತಿಳಿಯಬಯಸುವವರಿಗಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ ‘ಎಕ್ಸ್‌ವಿ6’ ಅನ್ನೂ, ಅದನ್ನು ಓಡಿಸುವ ಕ್ಯೂಎಮು ಎಮ್ಯುಲೇಟರನ್ನೂ (ಕಂಪ್ಯೂಟರನ್ನೇ ಅನುಕರಿಸುವ ತಂತ್ರಾಂಶವನ್ನೂ) ಒಳಗಿಟ್ಟಿದ್ದೇವೆ.

ಹೀಗೆ ಆರಿಸಿಕೊಡುವ ಅಗತ್ಯ ಹುಟ್ಟುವುದು ಲ್ಯಾಬಿಗೂ ಮನೆಗೂ ಇರುವ ಅಂತರದಿಂದ. ಲ್ಯಾಬಿನಲ್ಲಿ ಜಿಸಿಸಿ ಎಂಬ ಸಿ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಬಳಸಿದ ವಿದ್ಯಾರ್ಥಿನಿ ಸಕಲೇಶಪುರದ ತನ್ನ ಮನೆಗೆ ಹೋಗಿ, ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಯಾರೋ ಹಾಕಿಕೊಟ್ಟ ಟರ್ಬೊ ಸಿ ಎಂಬ ಹಳೆಯ ಕಂಪೈಲರನ್ನು ತೆರೆಯುತ್ತಾಳೆ ಎಂದುಕೊಳ್ಳಿ. ಅಲ್ಲಿ ಪೂರ್ಣಾಂಕಗಳನ್ನು ಇಡುವ ‘ಇಂಟ್’ಗೆ ಎರಡೇ ಬೈಟ್ ಇರುವುದರಿಂದ 7ರ ಫ್ಯಾಕ್ಟೋರಿಯಲ್ ಸರಿಯಾಗಿ 5040 ಎಂದು ಬರುತ್ತದೆ, ಆದರೆ 8ರದ್ದು ಆ ಜಾಗದಲ್ಲಿ ಹಿಡಿಯದೆ, 40320 ಬರುವ ಬದಲು ಮೈನಸ್ 25216 ಎಂದು ಬರುತ್ತದೆ. ಲ್ಯಾಬಿನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಏಕೆ ತಪ್ಪಿತು ಎಂದು ತಿಳಿಯದೆ, ಮೊದಲ ವರ್ಷದಲ್ಲಿಯೇ ಪ್ರೋಗ್ರಾಮಿಂಗ್ ತನಗೆ ಒಗ್ಗದು ಎಂಬ ತೀರ್ಮಾನಕ್ಕೆ ಬರುವ ಮಕ್ಕಳಿದ್ದಾರೆ. ಇದು ನನ್ನನ್ನು ಬಹಳವಾಗಿ ಕಾಡುವ ಸಂಗತಿ. ಆದ್ದರಿಂದ ಲ್ಯಾಬಿನಲ್ಲಿರುವ ವ್ಯವಸ್ಥೆಯೇ ಪೆನ್‌ಡ್ರೈವಿನಿಂದಲೂ ಬೂಟ್ ಆಗಬೇಕು, ಬರೆದ ಕಡತಗಳು ಅದರಲ್ಲಿಯೇ ಉಳಿಯಬೇಕು, ಮನೆಯ ಹಾರ್ಡ್‌ಡಿಸ್ಕನ್ನು ಮುಟ್ಟುವ ಪ್ರಮೇಯವೇ ಬರಬಾರದು ಎಂದು ನಿಶ್ಚಯಿಸಿದೆವು. 4 ಜಿಬಿ ರ‍್ಯಾಮಿನ ಯಂತ್ರಗಳಿಗೂ ಭಾರವಾಗದಿರಲೆಂದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪನ್ನು ಆರಿಸಿಕೊಂಡೆವು.

ಇನ್ನೊಂದು ಕಾರಣ ನಮ್ಮ ಮಳೆಗಾಲ. ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ವಿದ್ಯುತ್ ಹೋದರೆ ಅದರ ಹಿಂದೆಯೇ ಮೊಬೈಲ್ ಸಿಗ್ನಲ್ ಕೂಡ ಹೋಗುವುದುಂಟು. ಉಬುಂಟು ಸ್ಥಾಪಿಸಿದ ಮೇಲೂ ಸಿ ಕಂಪೈಲರನ್ನು ಸಾಮಾನ್ಯವಾಗಿ ಬೇರೆಯಾಗಿ ಒಂದು ಆದೇಶ ಕೊಟ್ಟು ಇಳಿಸಿಕೊಳ್ಳಬೇಕಾಗುತ್ತದೆ. ನೆಟ್ ಇಲ್ಲದ ಮನೆಯಲ್ಲಿ ಆ ಒಂದು ಆದೇಶವೇ ದೊಡ್ಡ ಅಡ್ಡಿ. ನಮ್ಮದರಲ್ಲಿ ಜಿಸಿಸಿ, ಜಿಡಿಬಿ, ವಾಲ್‌ಗ್ರೈಂಡ್, ಫ್ಲೆಕ್ಸ್, ಬೈಸನ್, ಗಿಟ್, ವೈರ್‌ಶಾರ್ಕ್, ಮರಿಯಾಡಿಬಿಯಂಥ ಲ್ಯಾಬಿಗೆ ಬೇಕಾದ ಸಾಧನಗಳು ಮೊದಲೇ ಇರುತ್ತವೆ. ಪೈಥಾನ್‌ನ ಪೂರ್ಣ ಕೈಪಿಡಿ ಮತ್ತು ಸಿ, ಸಿ++ ಆಕರ ಪುಟಗಳೂ ಡೆಬಿಯನ್ ಪ್ಯಾಕೇಜುಗಳಾಗಿಯೇ ದೊರೆಯುವುದರಿಂದ ಅವೂ ಜೊತೆಗಿವೆ. ಇದರಿಂದ ಐಎಸ್ಒ ಕಡತದ ಗಾತ್ರ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಒಮ್ಮೆ ನಕಲು ಮಾಡಿಕೊಂಡರೆ ಮುಗಿಯಿತು.

ಕನ್ನಡಕ್ಕೂ ಜಾಗವಿದೆ. ಕೆಜಿಪಿ ಮತ್ತು ಇನ್‌ಸ್ಕ್ರಿಪ್ಟ್ ಕೀಲಿಮಣೆಗಳು, ಗುಬ್ಬಿ ಮತ್ತು ನವಿಲು ಫಾಂಟುಗಳು ಸಿದ್ಧವಾಗಿರುತ್ತವೆ. ‘ಹಾಸನ’ ಎಂದು ಟೈಪ್ ಮಾಡಿ ಸಿ ಭಾಷೆಯಲ್ಲಿ ಬೈಟ್‌ಗಳನ್ನು ಎಣಿಸುವ ‘ಸ್ಟರ್‌ಲೆನ್’ನಿಂದ ಅಳೆದರೆ ಉತ್ತರ 12 ಎಂದು ಬರುತ್ತದೆ. ಕಣ್ಣಿಗೆ ಮೂರು ಅಕ್ಷರ. ದೀರ್ಘದ ಚಿಹ್ನೆ ಸೇರಿ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಅಕ್ಷರ ಬೇರೆ, ಬೈಟ್ ಬೇರೆ ಎಂಬುದನ್ನು ಇಂಗ್ಲಿಷ್ ಪದಗಳಿಂದ ಇಷ್ಟು ಸುಲಭವಾಗಿ ತೋರಿಸಲಾಗದು.

ಇಡೀ ವ್ಯವಸ್ಥೆಯನ್ನು ಕಟ್ಟುವ ವಿಧಾನ ಕೆಲವೇ ಪಠ್ಯ ಕಡತಗಳಲ್ಲಿದ್ದು, ಯಾವ ವಿದ್ಯಾರ್ಥಿಯಾದರೂ ಅದನ್ನು ತೆರೆದು, ಒಂದು ಪ್ಯಾಕೇಜಿನ ಹೆಸರು ಸೇರಿಸಿ, ಮತ್ತೆ ಕಟ್ಟಿ ನೋಡಬಹುದು. ಹಾಗೆ ಕಟ್ಟಿದ್ದು ಬೂಟ್ ಆಗದೆ ನಿಂತಾಗಲೇ, ಯಂತ್ರ ಆರಂಭವಾಗುವಾಗ ಒಂದಾದ ಮೇಲೊಂದು ಕೆಲಸಕ್ಕೆ ಬರುವ ಬೂಟ್‌ಲೋಡರ್, ಇನಿಟ್‌ರ‍್ಯಾಮ್‌ಎಫ್‌ಎಸ್, ರೂಟ್ ಫೈಲ್‌ಸಿಸ್ಟಂಗಳ ಪಾಠ ನಿಜವಾಗಿ ತಲೆಗೆ ಹೋಗುವುದು. ಈ ಒಂದು ಕಾರಣಕ್ಕಾಗಿಯಾದರೂ ನಾನು ಈ ಕೆಲಸವನ್ನು ಮುಂದುವರಿಸುತ್ತೇನೆ.

ಆದರೆ ಮೂಲ ಪ್ಯಾಕೇಜುಗಳನ್ನು ನಾವು ತಿದ್ದುವುದಿಲ್ಲ. ಭದ್ರತಾ ಪರಿಷ್ಕರಣೆಗಳು ನೇರವಾಗಿ ಡೆಬಿಯನ್‌ನಿಂದಲೇ ಬರಬೇಕು. ಅವನ್ನು ವರ್ಷವಿಡೀ ನಿಭಾಯಿಸುವ ಶಕ್ತಿ ಸಣ್ಣ ಗುಂಪಿಗಿರುವುದಿಲ್ಲ. 2007ರಲ್ಲಿ ಬಂದ ‘ಬಾಸ್’ ಲಿನಕ್ಸಿನ ಹಿಂದೆ ಕೇಂದ್ರ ಸರ್ಕಾರದ ಸಂಸ್ಥೆಯಾದ ಸಿ-ಡ್ಯಾಕ್ ಇತ್ತು, ಕೇರಳದ ಶಾಲೆಗಳು ಬಳಸುವ ಲಿನಕ್ಸ್ ವ್ಯವಸ್ಥೆಯ ಹಿಂದೆ ಆ ರಾಜ್ಯದ ಸರ್ಕಾರವೇ ಇದೆ. ವಿದ್ಯಾರ್ಥಿಗಳು ಕಟ್ಟಿದ್ದು ಅವರ ಪದವಿ ಮುಗಿದೊಡನೆ ನಿಂತುಹೋಗಬಾರದೆಂದರೆ, ಹಿರಿಯರು ಹೊರಡುವ ಮೊದಲೇ ಎರಡನೇ ವರ್ಷದವರು ಒಮ್ಮೆಯಾದರೂ ಅದನ್ನು ತಾವೇ ಪೂರ್ತಿಯಾಗಿ ಕಟ್ಟಿರಬೇಕು.

ಒಳ್ಳೆಯ ಲ್ಯಾಪ್‌ಟಾಪ್, ನಂಬಬಹುದಾದ ನೆಟ್ ಎರಡೂ ಇದ್ದು ಈಗಾಗಲೇ ಉಬುಂಟು ಬಳಸುತ್ತಿರುವವರು ಅದನ್ನು ಬಿಡಬೇಕಾಗಿಲ್ಲ. ನಮ್ಮ ಪ್ಯಾಕೇಜ್ ಪಟ್ಟಿಯನ್ನು ತೆಗೆದುಕೊಂಡು ಅದರಲ್ಲಿಯೇ ಸ್ಥಾಪಿಸಿಕೊಳ್ಳಬಹುದು; ಬಹುತೇಕ ಹೆಸರುಗಳು ಅಲ್ಲಿಯೂ ಅವೇ.