ಮೊದಲು ಸಂಪು ಎಲ್ಲಿದೆ ಹೇಳಿ

ಗ್ಯಾರೇಜುಗಳಿಗೆ ಕಾರ್ ಲಿಫ್ಟ್ ಕೂರಿಸಿಕೊಡುವುದು ನನ್ನ ಕೆಲಸ. ಈಚೆಗೆ ಬೆಂಗಳೂರಿನ ಮನೆಗಳಿಂದಲೂ ಕರೆ ಬರುತ್ತದೆ. ಹೆಚ್ಚಿನವರು ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡವರು. ಅವರ ಮೊದಲ ಪ್ರಶ್ನೆ, ‘ಎಷ್ಟು ಟನ್ ಎತ್ತುತ್ತದೆ?’ ನನ್ನದು, ‘ನಿಮ್ಮ ಮನೆಯ ಸಂಪು ಎಲ್ಲಿದೆ ಸಾರ್?’

ಟನ್ನಿನ ಲೆಕ್ಕ ಸುಲಭ. ಇಂದಿನ ಪೆಟ್ರೋಲ್ ಸ್ವಿಫ್ಟ್ ಒಂದು ಟನ್ನಿಗೂ ಕಡಿಮೆ, ಫಾರ್ಚೂನರ್ ಎರಡು ಟನ್ನಿಗೆ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ ಸಿಗುವ ಟೂ ಪೋಸ್ಟ್ ಲಿಫ್ಟ್, ಅಂದರೆ ಎರಡು ಕಂಬಗಳ ತೋಳುಗಳಿಂದ ಕಾರು ಎತ್ತುವಂಥದ್ದು, ನಾಲ್ಕು ಟನ್ನಿನದು. ಚರ್ಚೆ ಅಲ್ಲಿಗೆ ಮುಗಿಯಿತು.

ಮುಗಿಯದಿರುವುದು ನೆಲದ ವಿಚಾರ. ಟೂ ಪೋಸ್ಟ್ ಲಿಫ್ಟ್ ನಿಂತಿರುವುದೇ ಕಂಬದ ಬುಡವನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟುಗಳ ಬಲದಿಂದ. ತೋಳುಗಳ ಮೇಲೆ ಕಾರು ಕೂತಾಗ ಎರಡೂ ಕಂಬಗಳು ಒಳಕ್ಕೆ ವಾಲಲು ನೋಡುತ್ತವೆ, ಹೊರಬದಿಯ ಬೋಲ್ಟುಗಳು ನೆಲದಿಂದ ಕಿತ್ತುಬರಲು ಎಳೆಯುತ್ತವೆ. ಅದನ್ನು ತಡೆಯಲು ಗಟ್ಟಿ ಕಾಂಕ್ರೀಟ್ ಕನಿಷ್ಠ 4 ಇಂಚಾದರೂ ಬೇಕು. ಕೆಲವು ಕಂಪನಿಗಳು 6 ಇಂಚು ಕೇಳುತ್ತವೆ. ನಮ್ಮ ಮನೆಗಳ ಪೋರ್ಟಿಕೊದಲ್ಲಿ ಇರುವುದೇನು? ತುಂಬಿದ ಮಣ್ಣು, ಅದರ ಮೇಲೆ ತೆಳು ಹಾಸು, ಅಂದಕ್ಕೆ ಪಾರ್ಕಿಂಗ್ ಟೈಲ್ಸ್. ಎಷ್ಟೋ ಕಡೆ ಅದರ ಕೆಳಗೇ ನೀರಿನ ಸಂಪು. ಸಂಪಿನ ಮುಚ್ಚಿಗೆಯ ಮೇಲೆ ದಿನಾ ಕಾರು ನಿಲ್ಲುತ್ತದಲ್ಲ ಎಂದು ವಾದಿಸುವವರಿದ್ದಾರೆ. ನಾಲ್ಕು ಚಕ್ರಗಳ ಭಾರ ಹೊರುವುದು ಬೇರೆ, ಬೋಲ್ಟಿನ ಎಳೆತ ತಡೆಯುವುದು ಬೇರೆ. ಕುಡಿಯುವ ನೀರಿನ ಮೇಲೆ ನಾನು ಡ್ರಿಲ್ ಇಡುವುದಿಲ್ಲ. ಸಂಪು ದೂರವಿದ್ದರೆ, ನೆಲ ಅಗೆದು ಕಂಪನಿಯ ನಕ್ಷೆಯಂತೆ ಕಬ್ಬಿಣ ಕಟ್ಟಿ ಹೊಸ ಬುನಾದಿ ಹಾಕಿಸಬಹುದು. ಆಮೇಲೆ ಕಾಂಕ್ರೀಟ್ ಬಲಿಯಲು 28 ದಿನ ಕಾಯಬೇಕು. ಈ ಮಾತಿಗೆ ಅರ್ಧ ಜನ ಫೋನ್ ಇಟ್ಟುಬಿಡುತ್ತಾರೆ.

ಉಳಿದವರನ್ನು ಛಾವಣಿ ತಡೆಯುತ್ತದೆ. ಇನ್ನೋವಾ ಕ್ರಿಸ್ಟಾದ ಎತ್ತರ 1,795 ಮಿಲಿಮೀಟರ್, ಹತ್ತಿರ ಹತ್ತಿರ 6 ಅಡಿ. ಅದರ ಕೆಳಗೆ ನೆಟ್ಟಗೆ ನಿಲ್ಲಬೇಕೆಂದರೆ ಸೂರು 12 ಅಡಿ ಇರಬೇಕು. ಇರುವುದು ಒಂಬತ್ತೋ ಹತ್ತೋ ಅಡಿ, ಅದರಲ್ಲೂ ತೊಲೆ ಕೆಳಗೆ ಇಳಿದಿರುತ್ತದೆ. ತೊಲೆಯ ಅಡಿಯಿಂದಲೇ ಟೇಪು ಹಿಡಿಯಿರಿ.

ಹಾಗಾಗಿ ನಾನು ಹೆಚ್ಚಾಗಿ ಒಪ್ಪಿಸುವುದು ಕಾರಿನಡಿಯಲ್ಲಿ ಕತ್ತರಿಯಂತೆ ತೆರೆದುಕೊಂಡು ಸೊಂಟದೆತ್ತರಕ್ಕೆ ಎತ್ತುವ ಸಿಸರ್ ಲಿಫ್ಟನ್ನು. ಚಕ್ರ, ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಕಾರಿನ ನಡುಭಾಗಕ್ಕೆ ಲಿಫ್ಟೇ ಅಡ್ಡ ಬರುವುದರಿಂದ ಗೇರ್‌ಬಾಕ್ಸ್ ಇಳಿಸುವುದು ಕಷ್ಟ. ವರ್ಷಕ್ಕೊಮ್ಮೆಯೂ ಬರದ ಆ ಕೆಲಸಕ್ಕೆ ಗ್ಯಾರೇಜು ಇದ್ದೇ ಇದೆ. ಇದಕ್ಕೂ ಸಮತಟ್ಟಾದ ಗಟ್ಟಿ ನೆಲ ಬೇಕು, ಸಂಪಿನ ಮೇಲೆ ಇದನ್ನೂ ಇಡುವುದಿಲ್ಲ. ಫೋರ್ ಪೋಸ್ಟ್ ಲಿಫ್ಟಿನಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ಕೂರುತ್ತದೆ. ಒಂದರ ಮೇಲೊಂದು ಕಾರು ನಿಲ್ಲಿಸುವವರಿಗೆ ಅದು ಸರಿ. ಚಕ್ರ ಬಿಚ್ಚಬೇಕಾದರೆ ಬೇರೆ ಜಾಕ್ ಬೇಕು.

ನಿಮ್ಮ ಮನೆಯ ಕರೆಂಟು ಸಿಂಗಲ್ ಫೇಸಾದರೆ, ಹಣ ಕೊಡುವ ಮೊದಲು ಲಿಫ್ಟಿನ ಮೋಟಾರೂ ಸಿಂಗಲ್ ಫೇಸಿನದೇ ಎಂದು ಕೇಳಿಕೊಳ್ಳಿ. ಗ್ಯಾರೇಜಿಗೆಂದು ಮಾಡಿದ ಎಷ್ಟೋ ಲಿಫ್ಟುಗಳು ತ್ರೀ ಫೇಸಿನವು. ಯಾವ ಲಿಫ್ಟೇ ಆಗಲಿ, ಎತ್ತಿದ ಮೇಲೆ ಸ್ವಲ್ಪ ಇಳಿಸಿ ಭಾರವನ್ನು ಲಿಫ್ಟು ಜಾರದಂತೆ ಹಿಡಿಯುವ ಲಾಕ್ ಮೇಲೆ ಕೂರಿಸಿ. ಹೈಡ್ರಾಲಿಕ್ ಎಣ್ಣೆಯನ್ನು ನಂಬಿ ಕಾರಿನಡಿಗೆ ಹೋಗುವವರ ಮನೆಗೆ ನಾನು ಲಿಫ್ಟ್ ಕೊಡುವುದಿಲ್ಲ.