ಮೀನು ಹಸಿವಿನಿಂದ ಸಾಯೋದಿಲ್ಲ, ಕಾಕು

ಮೇ ತಿಂಗಳು ಹತ್ತಿರ ಬಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯ ಕನ್ನಡದವರಲ್ಲಿ ಎರಡೇ ಮಾತು. ಮಂಗಳೂರಿನ ರೈಲು ಮತ್ಸ್ಯಗಂಧಾದ ಟಿಕೆಟ್ ಕನ್ಫರ್ಮ್ ಆಯ್ತಾ? ಮನೆಯಲ್ಲಿರೋ ಮೀನಿಗೆ ಏನು ಗತಿ? ಮಕ್ಕಳ ಹಟಕ್ಕೆ ಕುರ್ಲಾದಿಂದಲೋ ಕ್ರಾಫರ್ಡ್ ಮಾರ್ಕೆಟ್ಟಿನಿಂದಲೋ ಫಿಶ್ ಟ್ಯಾಂಕ್ ತಂದುಕೊಂಡವರೆಲ್ಲ, ಊರಿಗೆ ಹೊರಡುವ ಮುಂಚೆ ನನ್ನನ್ನು ಲಿಫ್ಟಿನಲ್ಲಿ ಹಿಡಿದು ನಿಲ್ಲಿಸುತ್ತಾರೆ.

ನನ್ನ ಉತ್ತರ ಒಂದೇ. ಒಂದು ವಾರಕ್ಕೆ ಹೋಗ್ತಿದ್ದೀರಾ? ಹಾಗಾದ್ರೆ ಯಾರೂ ಏನೂ ಹಾಕುವುದು ಬೇಡ.

ಇದನ್ನು ಕೇಳಿದವರ ಮುಖ ನೋಡಬೇಕು. ಮೂಕ ಪ್ರಾಣಿಯನ್ನು ಉಪವಾಸ ಕೆಡವುವ ಪಾಪಿ ಇವನು ಅನ್ನುವ ಹಾಗೆ! ಆದರೆ ನಾವು ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬಿಸಿಯಾಗಿ ಇಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಮೀನಿಗೆ ಆ ಖರ್ಚಿಲ್ಲ, ನೀರು ಎಷ್ಟು ಬೆಚ್ಚಗೋ ಅದರ ಮೈಯೂ ಅಷ್ಟೇ. ಅದಕ್ಕೇ ಬೆಳೆದ, ಆರೋಗ್ಯವಾಗಿರುವ ಏಂಜೆಲ್, ಮೊಲಿ, ಟೆಟ್ರಾ, ಗೋಲ್ಡ್‌ಫಿಶ್ ಎಲ್ಲವೂ ವಾರವನ್ನು ಊಟವಿಲ್ಲದೆ ಆರಾಮಾಗಿ ಕಳೆಯುತ್ತವೆ. ಟ್ಯಾಂಕಿನಲ್ಲಿ ಗಿಡ, ಪಾಚಿ ಇದ್ದರೆ ನಡುನಡುವೆ ಅದನ್ನೂ ಕೆದಕುತ್ತವೆ. ಮರಿಗಳಿದ್ದರೆ ಮಾತ್ರ ಲೆಕ್ಕ ಬೇರೆ. ಗಪ್ಪಿ ಮರಿಗೆ ದಿನಾ ಊಟ ಬೇಕು. ಜೊತೆಗೆ ಹಸಿದ ಗಪ್ಪಿ ತಾಯಿ ತನ್ನ ಮರಿಯನ್ನೇ ನುಂಗಿಬಿಡುತ್ತದೆ, ಹೊರಡುವ ಮೊದಲೇ ಬೇರೆ ಮಾಡಿಬಿಡಿ.

ನನಗೆ ಭಯ ಇರುವುದು ಹಸಿವಿನದ್ದಲ್ಲ, ಪಕ್ಕದ ಮನೆಯವರ ಪ್ರೀತಿಯದ್ದು. ಪಕ್ಕದ ಮನೆಯ ಕಾಕುಗೆ, ಅಂದ್ರೆ ಮರಾಠಿ ಚಿಕ್ಕಮ್ಮನಿಗೆ, ಕೀ ಕೊಟ್ಟು, ದಿನಾ ಒಂದು ಚಿಟಿಕೆ ಹಾಕಿ ಅಂತ ಹೇಳಿ ಹೋಗುತ್ತೀರಿ. ಅವರು ಬಂದು ನಿಂತ ತಕ್ಷಣ ಮೀನೆಲ್ಲ ಗಾಜಿನ ಹತ್ತಿರ ಬಂದು ಬಾಯಿ ಬಿಡುತ್ತವೆ. ಹೊಟ್ಟೆ ತುಂಬಿದ್ದರೂ ಅವು ಹಾಗೇ ಮಾಡುವುದು, ಮನುಷ್ಯ ಅಂದ್ರೆ ಊಟ ಅಂತ ಅವಕ್ಕೆ ರೂಢಿಯಾಗಿದೆ. ಕಾಕುಗೆ ಹೇಗೆ ಗೊತ್ತಾಗಬೇಕು? ‘ಖಾ ರೇ ಬಾಳಾ’, ತಿನ್ನು ಮಗೂ, ಅಂತ ಇನ್ನೊಂದು ಚಿಟಿಕೆ ಬೀಳುತ್ತದೆ. ಸಂಜೆ ಅವರ ಮೊಮ್ಮಗ ಬಂದು ಇನ್ನೊಂದು ಹಾಕುತ್ತಾನೆ. ತಿನ್ನದೆ ಉಳಿದದ್ದು ಕೆಳಗೆ ಕಲ್ಲುಗಳ ಸಂದಿಯಲ್ಲಿ ಕೂತು ಕೊಳೆತು ಅಮೋನಿಯಾ ಅನ್ನುವ ವಿಷ ಆಗುತ್ತದೆ. ತಿಂದದ್ದೂ ಕೊನೆಗೆ ಅಮೋನಿಯಾನೇ, ಮೀನು ಅದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಆದರೆ ಅವು ದಿನಾ ಬರುವಷ್ಟು ಕೊಳೆಗೆ ತಕ್ಕಂತೆ ಬೆಳೆದಿರುತ್ತವೆ. ಒಮ್ಮೆಲೇ ನಾಲ್ಕು ಪಾಲು ಬಂದರೆ ಏನು ಮಾಡಿಯಾವು? ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕರ್ ಫಿಶ್ ಇದೆಯಲ್ಲ, ಕೊಳೆಯೆಲ್ಲ ಅದೇ ತಿಂದು ಕ್ಲೀನ್ ಮಾಡುತ್ತೆ ಅನ್ನುವವರಿದ್ದಾರೆ. ಅದು ತಿನ್ನುವುದು ಪಾಚಿ, ಬೇರೆ ಮೀನಿನ ಕಕ್ಕಸನ್ನಲ್ಲ.

ಮೇ ತಿಂಗಳಲ್ಲಿ ಇದು ಇನ್ನೂ ಕೆಟ್ಟದ್ದು. ಕಿಟಕಿಗಳೆಲ್ಲ ಮುಚ್ಚಿದ ಫ್ಲ್ಯಾಟಿನಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ದಾಟುವುದು ಸುಲಭ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯುವ ನೀರು 30ಕ್ಕೆ ಬಂದಾಗ ಏಳೂವರೆಯಷ್ಟೇ ಹಿಡಿಯುತ್ತದೆ. ಕೊಳೆಯುವ ಆಹಾರಕ್ಕೂ ಅದೇ ಆಕ್ಸಿಜನ್ ಬೇಕು. ಸಾಲದ್ದಕ್ಕೆ ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಜಾಸ್ತಿ.

ಅಂಗಡಿಯಲ್ಲಿ ಸಿಗುವ ಬಿಳಿ ಫೀಡಿಂಗ್ ಬ್ಲಾಕ್ ನನಗೆ ಸರಿ ಬರುವುದಿಲ್ಲ. ಸುಣ್ಣದ ಕಡ್ಡಿಯಂಥ ಗಟ್ಟಿಯೊಳಗೆ ಆಹಾರ ಸೇರಿಸಿರುತ್ತಾರೆ, ಅದು ಕರಗುತ್ತಾ ನೀರನ್ನು ಮಬ್ಬು ಮಾಡುತ್ತದೆ, ಎಷ್ಟೋ ಮೀನು ಅದನ್ನು ಮೂಸಿಯೂ ನೋಡುವುದಿಲ್ಲ. ಬ್ಯಾಟರಿಯ ಆಟೋ ಫೀಡರ್ ಪರವಾಗಿಲ್ಲ. ಆದರೆ ನಮ್ಮ ಮುಂಬೈ ಕಡೆಯ ಸೆಕೆಗೆ ತೆಳು ಚಕ್ಕೆಯಂಥ ಫ್ಲೇಕ್ ಆಹಾರ ಒದ್ದೆಯಾಗಿ ಡಬ್ಬಿಯ ಬಾಯಲ್ಲೇ ಅಂಟಿಕೊಳ್ಳುತ್ತದೆ. ಸಣ್ಣ ಕಾಳಿನಂಥ ಪೆಲೆಟ್ ಹಾಕಿ, ಹೊರಡುವ ಕೆಲವು ದಿನ ಮೊದಲೇ ಕಣ್ಣೆದುರಿಗೆ ಓಡಿಸಿ ನೋಡಿ, ಎಷ್ಟು ಬೀಳುತ್ತೆ ಅಂತ.

ಎರಡು ಮೂರು ವಾರ ಇರುವುದಿಲ್ಲ ಅಂದ್ರೆ ಕಾಕು ಬೇಕೇ ಬೇಕು. ಆಗ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತಲ್ಲ, ವಾರದ ಮಾತ್ರೆ ಹಾಕಿಡುವ ಪುಟ್ಟ ಡಬ್ಬಿ, ಅದನ್ನು ತನ್ನಿ. ಒಂದು ದಿನ ಬಿಟ್ಟು ಒಂದು ದಿನದ ಖಾನೆಗೆ ಮಾತ್ರ ಆಹಾರ ತುಂಬಿಸಿ. ಉಳಿದ ಖಾನೆ ಖಾಲಿ ಇರಲಿ. ಆಹಾರದ ದೊಡ್ಡ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಹೌದು, ಬೀಗ ಅಂತಲೇ ಹೇಳಿದೆ.

ಕಾಕು ನಿಜವಾಗಿ ನೋಡಬೇಕಾದದ್ದು ಬೇರೆ ಇದೆ. ಫಿಲ್ಟರ್ ಓಡ್ತಿದೆಯಾ, ಏರ್ ಪಂಪಿನ ಗುಳ್ಳೆ ಬರ್ತಿದೆಯಾ, ನೀರು ಕೆಳಗಿಳಿದಿದೆಯಾ. ನೀರು ಆರಿ ಕಡಿಮೆಯಾದರೆ ಫಿಲ್ಟರ್ ಗಾಳಿ ಎಳೆದು ನಿಂತುಹೋಗುತ್ತದೆ, ಆದ್ದರಿಂದ ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹಾಕಿದ ಒಂದು ಬಕೆಟ್ ನೀರು ಪಕ್ಕದಲ್ಲೇ ಮುಚ್ಚಿಟ್ಟು ಹೋಗಿ. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸದವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಮೇಲೆ ಒಂದು ಕಣ್ಣಿರಲಿ. ಲೈಟಿಗೆ ಟೈಮರ್ ಹಾಕಿದರೆ ಆರೇಳು ಗಂಟೆ ಸಾಕು.

ಇನ್ನು, ಪ್ರಯಾಣದ ಹಿಂದಿನ ರಾತ್ರಿ ಟ್ಯಾಂಕ್ ಪೂರ್ತಿ ತೊಳೆದು ಫಳಫಳ ಮಾಡುವ ಉತ್ಸಾಹ ಬೇಡ. ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ತಿಕ್ಕಿದರೆ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಎರಡು ಮೂರು ದಿನ ಮೊದಲೇ ಕಾಲು ಭಾಗ ನೀರು ಬದಲಿಸಿ, ತೆಗೆದ ಅದೇ ನೀರಿನಲ್ಲಿ ಸ್ಪಾಂಜನ್ನು ಹಿಂಡಿ ಇಡಿ. ವಾರಕ್ಕಾಗುವಷ್ಟು ಒಟ್ಟಿಗೇ ಹಾಕಿ ಹೋಗುವ ಬುದ್ಧಿವಂತಿಕೆಯೂ ಬೇಡ. ಹೋಗುವ ಹೊತ್ತಿಗೆ ಹೊಸ ಮೀನು ತರುವುದಂತೂ ಬೇಡವೇ ಬೇಡ, ಅದಕ್ಕೆ ರೋಗ ಇದ್ದರೆ ನೋಡಿಕೊಳ್ಳಲು ನೀವಿರುವುದಿಲ್ಲ.

ವಾಪಸ್ ಬಂದ ದಿನ ಮೀನು ಬಾಯಿ ಬಿಟ್ಟುಕೊಂಡು ಮೇಲೆ ಬರುತ್ತವೆ. ಕರಗಬೇಡಿ. ಮಾಮೂಲಿನ ಅರ್ಧ ಹಾಕಿ. ಮರುದಿನ ಸ್ವಲ್ಪ ನೀರು ಬದಲಿಸಿ, ಆಮೇಲೆ ಎಂದಿನಂತೆ ಹಾಕುತ್ತಾ ಹೋಗಿ.